ಜಂತಿಯೊಳಗಿನ ಬಾಣಂತಿ



ನಾನು ಚಿಕ್ಕವನಿದ್ದಾಗ ನಮ್ಮ ಮನೆಯ ಕೊಟ್ಟಿಗೆಯಲ್ಲಿ ಬೆಳಿಗ್ಗೆ ಹಾಲು ಕರೆಯುವ ಹೊತ್ತಿಗೆ ನೆಲದ ಮೇಲೆ ಒಂದು ಚಿಟಿಕೆ ಹಿಟ್ಟು ಬಿದ್ದಿರುತ್ತಿತ್ತು. ಅಕ್ಕಿಹಿಟ್ಟಿಗಿಂತ ತುಸು ಹಳದಿ, ರವೆಗಿಂತ ತುಸು ನುಣುಪು. ಗುಡಿಸಿ ಹಾಕಿದರೆ ಮರುದಿನ ಮತ್ತೆ ಅದೇ ಜಾಗದಲ್ಲಿ, ಅಷ್ಟೇ ಹಿಟ್ಟು. ತಲೆಯೆತ್ತಿ ನೋಡಿದರೆ ಜಂತಿಯ ತಳದಲ್ಲಿ ಒಂದು ತೂತು. ಬಡಗಿ ಬೈರಿಗೆ ಹಾಕಿ ತಿರುಗಿಸಿದ ಹಾಗೆ ದುಂಡಗೆ, ಅಂಚಿನಲ್ಲಿ ಒಂದು ಸಿಬಿರೂ ಏಳದ ಹಾಗೆ ಅಚ್ಚುಕಟ್ಟಾಗಿ. ದನ ಮೆಲುಕು ಹಾಕುವುದು ನಿಂತ ಗಳಿಗೆಯಲ್ಲಿ ಕಿವಿಗೊಟ್ಟರೆ ಮರದೊಳಗಿನಿಂದ ಕರ್ ಕರ್ ಎಂಬ ಸದ್ದು ಕೇಳುತ್ತಿತ್ತು.

ಒಂದು ದಿನ ನಾನು ಏಣಿ ಹಾಕಿ ಹತ್ತಿ ಹಸಿ ಸಗಣಿಯಿಂದ ಆ ತೂತನ್ನು ಮೆತ್ತಿಬಿಟ್ಟೆ. ಸ್ವಲ್ಪ ಹೊತ್ತಿಗೆ ಹೊರಗಿನಿಂದ ಹೆಬ್ಬೆರಳಿನ ಗಾತ್ರದ ಕರಿದುಂಬಿ ಬಂತು. ಮೊರೆಯುತ್ತಾ ಆ ಜಾಗದ ಸುತ್ತ ಹಾರಿತು, ಜಂತಿಗೆ ಡಿಕ್ಕಿ ಹೊಡೆಯಿತು, ಹೋಯಿತು, ಮತ್ತೆ ಬಂತು. ಅಜ್ಜಿ ಹುಲ್ಲಿನ ಹೊರೆ ಇಳಿಸಿ ನೋಡಿದಳು. "ಅಪ್ಪಿ, ಅದು ಬಾಣಂತಿ ಕೋಣೆ ಕಣೋ. ಬಾಗಿಲು ತೆಗಿ," ಅಂದಳು. ಬೈಯಲಿಲ್ಲ, ಹೊಡೆಯಲಿಲ್ಲ. ನಾನು ಕಡ್ಡಿ ಹಾಕಿ ಸಗಣಿ ಕೆದಕಿ ತೆಗೆದು ಏಣಿ ಇಳಿಯುವವರೆಗೂ ಅಲ್ಲೇ ನಿಂತಿದ್ದಳು.

ಅಜ್ಜಿ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೆ ಅವಳು ಹೇಳಿದ್ದು ಅಕ್ಷರಶಃ ಸತ್ಯವೆಂದು ನನಗೆ ತಿಳಿಯಲು ಬಹಳ ವರ್ಷ ಬೇಕಾಯಿತು. ಆ ಬಾಣಂತಿಯ ಬದುಕನ್ನು ಕುರಿತು ಈ ಹೊತ್ತು ನಿಮ್ಮೊಡನೆ ನಾಲ್ಕು ಮಾತಾಡಬೇಕೆಂದು ಬಂದಿದ್ದೇನೆ.

ಮೊದಲು ಹೆಸರಿನ ಒಂದು ಗೊಂದಲ ಬಿಡಿಸಿಕೊಳ್ಳೋಣ. ದುಂಬಿ ಎಂಬ ಮಾತಿಗೆ ಈಗ ಕನ್ನಡದಲ್ಲಿ ಎರಡು ಅರ್ಥ ಬಂದುಬಿಟ್ಟಿದೆ. ಕಾವ್ಯದ ದುಂಬಿ ಹೂವಿನ ಗೆಳೆಯ. ಬೇಸಾಯದ ಕರಪತ್ರಗಳ ದುಂಬಿಯೇ ಬೇರೆ: ತೆಂಗಿನ ಸುಳಿ ಕೊರೆಯುವ ದುಂಬಿ, ಕಾಫಿ ಗಿಡದ ಕಾಂಡ ಕೊರೆಯುವ ದುಂಬಿ, ಉಗ್ರಾಣದಲ್ಲಿ ಕಾಳು ಕೊರೆಯುವ ದುಂಬಿ. ಇವೆಲ್ಲ ಗಟ್ಟಿ ಚಿಪ್ಪಿನ ರೆಕ್ಕೆಯ ಜೀರುಂಡೆ ಜಾತಿಯವು. ನಮ್ಮ ಜಂತಿಯ ಕರಿದುಂಬಿ ಆ ಕುಲದ್ದಲ್ಲ. ತೆಳುವಾದ ನಾಲ್ಕು ರೆಕ್ಕೆಯ, ಹೂವಿನ ಪರಾಗ ಮತ್ತು ಮಕರಂದದಿಂದಲೇ ಬದುಕುವ ಅಪ್ಪಟ ಜೇನು ಅದು. ಎರಡಕ್ಕೂ ಒಂದೇ ಹೆಸರು ಇರುವುದರಿಂದ, ಮರ ಕೊರೆಯುವುದೂ ಕಣ್ಣಿಗೆ ಕಾಣುವುದರಿಂದ, ತೋಟದಲ್ಲಿ ಇದನ್ನು ಕಂಡವರು ಕೀಡೆಯೆಂದೇ ತಿಳಿದು ಹೊಡೆದು ಹಾಕುತ್ತಾರೆ. ಒಂದು ಪದದ ಗೊಂದಲಕ್ಕೆ ಒಂದು ಜೀವ ಬಲಿಯಾಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅದಕ್ಕೇ ಇದನ್ನು ಬಡಗಿ ದುಂಬಿ ಎಂದು ಕರೆಯೋಣ.

ವಿಜ್ಞಾನದ ಹೆಸರಿನಲ್ಲೂ ಇದೇ ಕಸುಬಿನ ಗುರುತಿದೆ. ಕ್ಸೈಲೊಕೋಪ ಎಂದರೆ ಗ್ರೀಕ್ ಭಾಷೆಯಲ್ಲಿ ಮರ ಕಡಿಯುವವನು ಎಂದು ಅರ್ಥ. ಈ ಕುಲದಲ್ಲಿ ಜಗತ್ತಿನಾದ್ಯಂತ ಸುಮಾರು 400 ಜಾತಿಗಳಿವೆ. ನಮ್ಮ ಕಡೆ ಮನೆ, ತೋಟ, ಬೇಲಿಗಳಲ್ಲಿ ಕಾಣುವ ಅತಿ ದೊಡ್ಡ ಜಾತಿಗಳಲ್ಲಿ ಒಂದು ಕ್ಸೈಲೊಕೋಪ ಲ್ಯಾಟಿಪೆಸ್. 1773ರಲ್ಲಿ ಇಂಗ್ಲೆಂಡಿನ ಡ್ರೂ ಡ್ರೂರಿ ಎಂಬಾತ ಇಟ್ಟ ಹೆಸರು. ಲ್ಯಾಟಿಪೆಸ್ ಎಂದರೆ ಅಗಲ ಪಾದದ್ದು. ಗಂಡಿನ ಮುಂಗಾಲಿನ ಪಾದ ಚಪ್ಪಟೆಯಾಗಿ ಅಗಲವಾಗಿ, ಅಂಚಿಗೆ ಬಿಳಿ ಕೂದಲಿನ ಕುಚ್ಚು ಕಟ್ಟಿದ ಹಾಗಿರುತ್ತದೆ. ಮೈ ಪೂರ್ತಿ ಕಪ್ಪು. ರೆಕ್ಕೆ ನೆರಳಿನಲ್ಲಿ ಕಪ್ಪಾಗಿ ಕಂಡರೂ ಬಿಸಿಲು ಬಿದ್ದೊಡನೆ ನೀಲಿ, ಹಸಿರು, ನೇರಳೆಯಾಗಿ ಹೊಳೆಯುತ್ತದೆ. ನವಿಲಿನ ಕತ್ತಿನ ಬಣ್ಣ ಎಂದರೆ ನಿಮಗೆ ಕಣ್ಣ ಮುಂದೆ ಬರಬಹುದು.

ನಮ್ಮ ಹಿರಿಯರು ಈ ದುಂಬಿಯನ್ನು ಚೆನ್ನಾಗಿ ಬಲ್ಲವರಾಗಿದ್ದರು. ಸಂಸ್ಕೃತದಲ್ಲಿ ಒಂದು ಹಳೆಯ ಸುಭಾಷಿತವಿದೆ. ಸಂಜೆ ಕಮಲ ಮುಚ್ಚಿಕೊಂಡಾಗ ದುಂಬಿಯೊಂದು ಒಳಗೆ ಸಿಕ್ಕಿಬಿತ್ತಂತೆ. ಕಟ್ಟಿಗೆಯನ್ನೇ ಕೊರೆಯಬಲ್ಲ ಆ ಆರುಕಾಲಿನ ಜೀವ ಮೃದುವಾದ ಎಸಳನ್ನು ಹರಿಯದೆ ಸುಮ್ಮನೆ ಕುಳಿತಿತಂತೆ. ಪ್ರೀತಿಯ ಕಟ್ಟು ಅಷ್ಟು ಬಲವಾದದ್ದು ಎಂಬುದು ಅದರ ತಾತ್ಪರ್ಯ. ಪ್ರೀತಿಯ ಮಾತನ್ನು ಎಲ್ಲರೂ ನೆನಪಿಟ್ಟುಕೊಂಡಿದ್ದಾರೆ. ನನಗೆ ಮುಖ್ಯವಾಗಿ ಕಾಣುವುದು ಕಟ್ಟಿಗೆ ಕೊರೆಯುವ ಮಾತು. ಹೆಜ್ಜೇನು ಮರ ಕೊರೆಯುವುದಿಲ್ಲ, ತುಡುವೆಯೂ ಕೊರೆಯುವುದಿಲ್ಲ. ಆ ಸುಭಾಷಿತ ಬರೆದವನ ಮನಸ್ಸಿನಲ್ಲಿದ್ದದ್ದು ಈ ಬಡಗಿ ದುಂಬಿಯೇ. ಅವನ ಮನೆಯ ಕಂಬದಲ್ಲೂ ಒಂದು ದುಂಡು ತೂತಿದ್ದಿರಬೇಕು.

ಜೇನು ಎಂದೊಡನೆ ನಮಗೆ ನೆನಪಾಗುವುದು ಹುಟ್ಟಿ, ರಾಣಿ, ಸಾವಿರಾರು ಕೆಲಸಗಾರ ನೊಣಗಳು. ಹೆಜ್ಜೇನು, ತುಡುವೆ, ಕೋಲುಜೇನು, ಮುಜಂಟಿ ಎಲ್ಲವೂ ಕೂಡು ಕುಟುಂಬದವು. ಆದರೆ ಲೋಕದಲ್ಲಿರುವ 20,000ಕ್ಕೂ ಹೆಚ್ಚು ಜೇನು ಜಾತಿಗಳಲ್ಲಿ ಬಹುಪಾಲು ಹೀಗೆ ಬದುಕುವುದಿಲ್ಲ. ಅವುಗಳಲ್ಲಿ ಒಂದು ಹೆಣ್ಣು ತಾನೇ ಮನೆ ಕಟ್ಟಿ, ತಾನೇ ದುಡಿದು, ತಾನೇ ಮೊಟ್ಟೆಯಿಟ್ಟು ಮಕ್ಕಳನ್ನು ಬೆಳೆಸುತ್ತಾಳೆ. ರಾಣಿಯೂ ಅವಳೇ, ಆಳೂ ಅವಳೇ. ಬಡಗಿ ದುಂಬಿ ಅಂಥ ಒಂಟಿ ಜೇನು.

ಅವಳ ಮೊದಲ ಕೆಲಸ ಮನೆ. ಹಸಿ ಮರ ಅವಳಿಗೆ ಬೇಡ. ಸತ್ತು ಒಣಗಿದ, ತೊಗಟೆ ಕಳಚಿದ, ಹೆಚ್ಚು ಗಡುಸಲ್ಲದ ಮರ ಬೇಕು. ಒಣ ಕೊಂಬೆ, ಬೇಲಿಯ ಗೂಟ, ಬಣ್ಣ ಕಾಣದ ಜಂತಿ, ಚಪ್ಪರದ ಬಿದಿರಿನ ಗಳ. ಇವಳ ಬಾಯ ದವಡೆಯೇ ಉಳಿ, ಅದೇ ಬೈರಿಗೆ. ಮೊದಲು ಮರಕ್ಕೆ ನೇರವಾಗಿ, ತನ್ನ ಮೈ ಹಿಡಿಯುವಷ್ಟು ಅಗಲಕ್ಕೆ ಕೊರೆಯುತ್ತಾಳೆ. ಸ್ವಲ್ಪ ಒಳಹೋದ ಮೇಲೆ ಮರದ ಎಳೆ ಹೋದ ದಿಕ್ಕಿಗೆ ತಿರುಗಿ ಉದ್ದಕ್ಕೆ ಸುರಂಗ ತೆಗೆಯುತ್ತಾಳೆ. ಎಳೆಗೆ ಅಡ್ಡಲಾಗಿ ಕೊರೆಯುವುದಕ್ಕಿಂತ ಎಳೆಯ ಜೊತೆ ಹೋಗುವುದು ಸುಲಭವೆಂದು ಯಾವ ಆಚಾರಿಯೂ ಹೇಳಬಲ್ಲ; ಇವಳಿಗೆ ಅದು ಹುಟ್ಟಿನಿಂದಲೇ ಗೊತ್ತು. ಮರವನ್ನು ಅವಳು ತಿನ್ನುವುದಿಲ್ಲ. ಇದನ್ನು ಒತ್ತಿ ಹೇಳಬೇಕು. ಗೆದ್ದಲಿನ ಹಾಗೆ ಮರ ಅವಳ ಆಹಾರವಲ್ಲ. ಕೊರೆದ ಹೊಟ್ಟನ್ನು ಹೊರಗೆ ತಳ್ಳುತ್ತಾಳೆ, ಸ್ವಲ್ಪವನ್ನು ಮುಂದಿನ ಕೆಲಸಕ್ಕೆಂದು ಒಳಗೇ ಉಳಿಸಿಕೊಳ್ಳುತ್ತಾಳೆ. ನಮ್ಮ ಕೊಟ್ಟಿಗೆಯ ನೆಲದ ಹಿಟ್ಟು ಅದೇ.

ಸುರಂಗ ಸಿದ್ಧವಾದ ಮೇಲೆ ಹೂವಿನ ಓಡಾಟ ಶುರು. ಹಿಂಗಾಲಿನ ದಟ್ಟ ಕೂದಲಿಗೆ ಪರಾಗ ಮೆತ್ತಿಕೊಂಡು, ಹೊಟ್ಟೆಯಲ್ಲಿ ಮಕರಂದ ತುಂಬಿಕೊಂಡು ಬರುತ್ತಾಳೆ. ಎರಡನ್ನೂ ಕಲಸಿ ಸುರಂಗದ ಒಳತುದಿಯಲ್ಲಿ ಒಂದು ಉಂಡೆ ಮಾಡುತ್ತಾಳೆ. ನಮ್ಮ ಹಬ್ಬದ ತಂಬಿಟ್ಟಿನ ಹದ: ನೀರಾಗಿರಬಾರದು, ಪುಡಿಯೂ ಆಗಿರಬಾರದು. ಮಗು ಹುಟ್ಟಿದ ದಿನದಿಂದ ದೊಡ್ಡದಾಗುವವರೆಗೆ ತಿನ್ನಬೇಕಾದ ಊಟವೆಲ್ಲ ಆ ಒಂದು ಉಂಡೆಯಲ್ಲೇ ಇರಬೇಕು. ಆದ್ದರಿಂದ ಅದು ಒಂದೆರಡು ಸುತ್ತಿನ ಕೆಲಸವಲ್ಲ. ಮತ್ತೆ ಮತ್ತೆ ಹೋಗಿ ಬರಬೇಕು. ಉಂಡೆಯ ಮೇಲೆ ಒಂದೇ ಒಂದು ಮೊಟ್ಟೆ ಇಡುತ್ತಾಳೆ. ಆಮೇಲೆ ಉಳಿಸಿಕೊಂಡಿದ್ದ ಮರದ ಹೊಟ್ಟನ್ನು ಎಂಜಲಿನಲ್ಲಿ ಕಲಸಿ ಆ ಕೋಣೆಗೆ ಗೋಡೆ ಹಾಕುತ್ತಾಳೆ. ಒಣಗಿದ ಕೊಂಬೆಯನ್ನು ಸೀಳಿ ನೋಡಿದಾಗ ಆ ಗೋಡೆಯ ಮೇಲೆ ಸುರುಳಿ ಸುತ್ತಿದ ಗೆರೆ ಕಾಣುತ್ತದೆ. ಅಂಚಿನಿಂದ ನಡುವಿಗೆ ಸುತ್ತು ಸುತ್ತಾಗಿ ಹೊಟ್ಟು ಅಂಟಿಸುತ್ತಾ ಬಂದ ಗುರುತು ಅದು. ಗೋಡೆಯ ಈಚೆಗೆ ಇನ್ನೊಂದು ಉಂಡೆ, ಇನ್ನೊಂದು ಮೊಟ್ಟೆ, ಇನ್ನೊಂದು ಗೋಡೆ. ಹೀಗೆ ರೈಲಿನ ಡಬ್ಬಿಗಳಂತೆ ಸಾಲಾಗಿ ಕೋಣೆಗಳು.

ಮೊಟ್ಟೆಯ ವಿಚಾರ ಹೇಳದೆ ಮುಂದೆ ಹೋಗಲಾರೆ. ಬಡಗಿ ದುಂಬಿಗಳ ಮೊಟ್ಟೆ ಇಡೀ ಕೀಟಲೋಕದ ಅತಿ ದೊಡ್ಡ ಮೊಟ್ಟೆಗಳ ಸಾಲಿಗೆ ಸೇರಿದ್ದು. ಕೆಲವು ಜಾತಿಗಳಲ್ಲಿ ಅದರ ಉದ್ದ ಒಂದೂವರೆ ಸೆಂಟಿಮೀಟರ್ ದಾಟುತ್ತದೆ. ತಾಯಿಯ ಉದ್ದವೇ ಮೂರು, ಮೂರೂವರೆ ಸೆಂಟಿಮೀಟರ್ ಎಂಬುದನ್ನು ನೆನೆದರೆ ಆ ಮೊಟ್ಟೆ ಎಷ್ಟು ದೊಡ್ಡದೆಂದು ತಿಳಿಯುತ್ತದೆ. ಅಷ್ಟು ದೊಡ್ಡ ಮೊಟ್ಟೆಯನ್ನು ಹೆಚ್ಚು ಇಡಲು ಆಗುವುದಿಲ್ಲ. ಜೇನು ರಾಣಿ ಒಂದೇ ದಿನಕ್ಕೆ ನೂರಾರು ಮೊಟ್ಟೆಯಿಡುತ್ತದೆ. ಇವಳು ಒಂದು ಗೂಡಿನಲ್ಲಿ ಇಡುವುದು ಬೆರಳೆಣಿಕೆಯಷ್ಟು. ಹಾಗಾಗಿ ಒಂದು ಹೆಣ್ಣು ದುಂಬಿಯನ್ನು ಹೊಡೆದು ಕೆಡವಿದರೆ ಆಗುವ ನಷ್ಟವನ್ನು ತುಂಬಲು ಹಿಂದೆ ದೊಡ್ಡ ಸೈನ್ಯವಿಲ್ಲ.

ಮೊಟ್ಟೆಯೊಡೆದ ಮರಿ ಉಂಡೆ ತಿನ್ನುತ್ತದೆ, ಕೋಶವಾಗುತ್ತದೆ, ಒಂದೂವರೆ ತಿಂಗಳ ಆಸುಪಾಸಿನಲ್ಲಿ ರೆಕ್ಕೆ ಬಂದು ಗೋಡೆ ಕೊರೆದು ಈಚೆ ಬರುತ್ತದೆ. ಅನೇಕ ಒಂಟಿ ಜೇನುಗಳಲ್ಲಿ ಅಷ್ಟು ಹೊತ್ತಿಗೆ ತಾಯಿ ಸತ್ತುಹೋಗಿರುತ್ತಾಳೆ; ತಾಯಿ ಮಕ್ಕಳು ಮುಖ ನೋಡುವುದೇ ಇಲ್ಲ. ಬಡಗಿ ದುಂಬಿಯಲ್ಲಿ ಹಾಗಲ್ಲ. ತಾಯಿ ಬದುಕಿರುತ್ತಾಳೆ. ಹೊಸದಾಗಿ ರೆಕ್ಕೆ ಬಂದ ಮಕ್ಕಳು ಕೆಲವು ದಿನ, ಕೆಲವೊಮ್ಮೆ ವಾರಗಟ್ಟಲೆ ಅದೇ ಸುರಂಗದಲ್ಲಿ ಉಳಿಯುತ್ತವೆ. ತಾಯಿ ಹೊರಗಿನಿಂದ ಮಕರಂದ ತಂದು ಬಾಯಿಗೆ ಬಾಯಿ ಕೊಟ್ಟು ಉಣಿಸುತ್ತಾಳೆ. ಇಸ್ರೇಲಿನಲ್ಲಿ ಇದರ ಸೋದರ ಜಾತಿಗಳನ್ನು ವರ್ಷಗಟ್ಟಲೆ ಗಮನಿಸಿದವರು ಇದನ್ನು ವಿವರವಾಗಿ ಬರೆದಿದ್ದಾರೆ. ಕೆಲವು ಗೂಡುಗಳಲ್ಲಿ ತಾಯಿ ಹೂವಿಗೆ ಹೋದಾಗ ಮಗಳು ಬಾಗಿಲಲ್ಲಿ ಕೂತು ಕಾಯುತ್ತಾಳೆ. ಒಂಟಿ ಎಂದು ಹೆಸರಿಟ್ಟ ಜೀವದ ಮನೆಯಲ್ಲಿ ಒಂದು ಪುಟ್ಟ ಸಂಸಾರ ಇದೆ. ಕೂಡು ಕುಟುಂಬ ಎಲ್ಲಿಂದ ಹುಟ್ಟುತ್ತದೆ ಎಂದು ಕೇಳುವವರಿಗೆ ಇಲ್ಲಿ ಒಂದು ಸುಳಿವು ಸಿಗುತ್ತದೆ. ಅಜ್ಜಿ ಬಾಣಂತಿ ಎಂಬ ಮಾತನ್ನೇ ಆರಿಸಿದ್ದಳಲ್ಲ, ಅದು ನನ್ನನ್ನು ಈಗಲೂ ಬೆರಗುಗೊಳಿಸುತ್ತದೆ.

ಈ ಸಂಸಾರದಲ್ಲಿ ಬಾಡಿಗೆದಾರರೂ ಇದ್ದಾರೆ. ಈ ದೊಡ್ಡ ಜಾತಿಗಳ ಹೆಣ್ಣಿನ ಹೊಟ್ಟೆಯ ಮೊದಲ ಭಾಗದಲ್ಲಿ, ಸೊಂಟದ ಹತ್ತಿರ, ಒಂದು ಪುಟ್ಟ ಚೀಲವಿದೆ. ನಾವು ಎಲೆ ಅಡಿಕೆ ಸಂಚಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತೇವಲ್ಲ, ಹಾಗೆ. ಅದರೊಳಗೆ ಸಾಸಿವೆಗಿಂತ ಸಣ್ಣ ನುಸಿಗಳು ವಾಸ ಮಾಡುತ್ತವೆ. ಗಂಡಿಗೆ ಈ ಚೀಲ ಇಲ್ಲ. ಮಗಳು ಗೂಡು ಬಿಟ್ಟು ಹೊಸ ಮನೆ ಹುಡುಕಿ ಹೊರಟಾಗ ನುಸಿಗಳೂ ಆ ಚೀಲದಲ್ಲಿ ಕೂತು ಹೊರಡುತ್ತವೆ. ಎರಡು ಜೀವಗಳು ಯುಗಯುಗಗಳಿಂದ ಜೊತೆಯಾಗಿ ಬಂದಿರದಿದ್ದರೆ ಒಂದರ ಮೈಯಲ್ಲಿ ಇನ್ನೊಂದಕ್ಕೆಂದೇ ಕೋಣೆ ಏರ್ಪಡುತ್ತಿರಲಿಲ್ಲ.

ಇನ್ನು ಗಂಡು. ಅಂಗಳದಲ್ಲಿ ಮುಖದ ಮುಂದೆಯೇ ಬಂದು ಗಾಳಿಯಲ್ಲಿ ನಿಂತು ಮೊರೆದು ಹೆದರಿಸುವುದು ಸಾಮಾನ್ಯವಾಗಿ ಇವನೇ. ಒಂದು ಜಾಗವನ್ನು ತನ್ನದೆಂದು ಹಿಡಿದು ಬೇರೆ ಗಂಡುಗಳನ್ನು, ಚಿಟ್ಟೆಯನ್ನು, ಹಾದುಹೋಗುವ ಹಕ್ಕಿಯನ್ನೂ ಅಟ್ಟುತ್ತಾನೆ. ಹುಡುಗರು ಎಸೆದ ಸಣ್ಣ ಕಲ್ಲಿನ ಹಿಂದೆಯೂ ಓಡುತ್ತಾನೆ. ಅವನಿಗೆ ಕೊಂಡಿಯೇ ಇಲ್ಲ. ಕೊಂಡಿ ಇರುವುದು ಹೆಣ್ಣಿಗೆ. ಅವಳೂ ಕೈಯಲ್ಲಿ ಹಿಡಿದು ಹಿಸುಕಿದರೆ, ಗೂಡಿಗೆ ಕಡ್ಡಿ ಹಾಕಿ ತಿವಿದರೆ ಮಾತ್ರ ಚುಚ್ಚುತ್ತಾಳೆ. ಹೆಜ್ಜೇನಿನಂತೆ ಗುಂಪು ಕಟ್ಟಿ ಮೇಲೆ ಬೀಳುವ ಮಾತೇ ಇಲ್ಲ, ಗುಂಪು ಎಲ್ಲಿದೆ? ಕೆಲವು ಜಾತಿಗಳಲ್ಲಿ ಹೆಣ್ಣು ಕಪ್ಪಾಗಿದ್ದು ಗಂಡು ಪೂರ್ತಿ ಅರಿಸಿನ ಬಣ್ಣ. ಎರಡೂ ಒಂದೇ ಜಾತಿಯೆಂದು ಹೇಳಿದರೆ ನಂಬುವುದು ಕಷ್ಟ.

ಈಗ ಹೊಲದ ಕಡೆ ಬನ್ನಿ. ಬದನೆ ಹೂವನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು, ನಡುವಿನ ಹಳದಿ ಕೇಸರಗಳು ಬಾಯಿ ಕಟ್ಟಿದ ಚೀಲಗಳ ಹಾಗಿರುತ್ತವೆ. ಪರಾಗ ಒಳಗಿದೆ. ತುದಿಯಲ್ಲಿ ಸೂಜಿಮೊನೆಯಷ್ಟು ರಂಧ್ರ. ಜೋರು ಗಾಳಿಗೆ ಒಂದಿಷ್ಟು ಉದುರುತ್ತದೆ, ಆದರೆ ಪೂರ್ತಿ ಬರಬೇಕಾದರೆ ಯಾರಾದರೂ ಅಲುಗಿಸಬೇಕು. ಬಡಗಿ ದುಂಬಿ ಹೂವನ್ನು ತಬ್ಬಿ ಹಿಡಿದು, ರೆಕ್ಕೆಗಳನ್ನು ಬೆನ್ನಿಗೆ ಮಡಿಚಿಕೊಂಡು, ಹಾರಲು ಬಳಸುವ ಸ್ನಾಯುಗಳನ್ನೇ ನಡುಗಿಸುತ್ತದೆ. ಆಗ ಮೆಣಸಿನಪುಡಿ ಡಬ್ಬಿ ಕೊಡವಿದಂತೆ ಪರಾಗ ಹೊರಬೀಳುತ್ತದೆ. ಹೆಜ್ಜೇನಿಗೆ, ತುಡುವೆಗೆ ಈ ವಿದ್ಯೆ ಬಾರದು. ರೇಡಿಯೋ ಕೇಳುವ ನಿಮಗೆ ಒಂದು ಸಂಗತಿ ಹೇಳುತ್ತೇನೆ: ನಾಳೆ ಬೆಳಿಗ್ಗೆ ಬದನೆ ಸಾಲಿನಲ್ಲಿ ನಿಂತು ಕಣ್ಣು ಮುಚ್ಚಿ ಕೇಳಿ. ಹಾರುವಾಗ ದುಂಬಿಯದು ತಗ್ಗಿನ ದನಿ. ಹೂವಿನ ಮೇಲೆ ಕೂತ ಗಳಿಗೆಗೆ ದನಿ ಚುರುಕಾಗಿ ಮೇಲಿನ ಶ್ರುತಿಗೆ ಏರುತ್ತದೆ, ತುಂಡು ತುಂಡಾಗಿ ಕೇಳುತ್ತದೆ. ಆ ಶ್ರುತಿಯೇ ಕಾಯಿ ಕಟ್ಟುವ ಸದ್ದು. ಟೊಮ್ಯಾಟೊಗೂ ಇದೇ, ಬೇಲಿಯ ತಂಗಡಿ ಹೂವಿಗೂ ಇದೇ.

ಎಕ್ಕದ ಹೂವನ್ನು ನಾವು ಮಾರುತಿಗೆ ಹಾರ ಮಾಡಿ ಹಾಕುತ್ತೇವೆ. ಆ ಹೂವಿನ ಪರಾಗ ಪುಡಿಯಾಗಿರದೆ ಜೋಡಿ ಗಂಟಾಗಿ ಇರುತ್ತದೆ. ಸಣ್ಣ ಕೀಟದ ಕಾಲು ಅದರ ಸೀಳಿನಲ್ಲಿ ಸಿಕ್ಕಿಕೊಂಡರೆ ಬಿಡಿಸಿಕೊಳ್ಳುವುದೇ ಕಷ್ಟ. ಗಂಟನ್ನು ಕಿತ್ತು ಇನ್ನೊಂದು ಹೂವಿಗೆ ಮುಟ್ಟಿಸಲು ಬಡಗಿ ದುಂಬಿಯಂಥ ಬಲಶಾಲಿಯೇ ಬೇಕು. ಪ್ಯಾಶನ್ ಫ್ರೂಟಿನ ಹೂವಿನಲ್ಲಿ ಕೇಸರಗಳು ಮಕರಂದದ ಬಟ್ಟಲಿನಿಂದ ಎಷ್ಟು ಎತ್ತರದಲ್ಲಿರುತ್ತವೆ ಎಂದರೆ, ಸಣ್ಣ ನೊಣ ಕೆಳಗೆ ನುಸುಳಿ ಸಿಹಿ ಕುಡಿದು ಹೋಗುತ್ತದೆ, ಪರಾಗ ಸೋಕುವುದೇ ಇಲ್ಲ. ದುಂಬಿಯ ಬೆನ್ನು ಮಾತ್ರ ಅಲ್ಲಿಗೆ ಎಟುಕುತ್ತದೆ.

ಕಲಬುರಗಿ ಕಡೆಯ ಕೇಳುಗರಿಗೆ ತೊಗರಿಯ ಮಾತು. ತೊಗರಿ ಹೂವು ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲದು. ಆದರೆ ಮುಚ್ಚಿದ ದೋಣಿಯಂಥ ಅದರ ಎಸಳನ್ನು ಒತ್ತಿ ತೆರೆದು ಗಿಡದಿಂದ ಗಿಡಕ್ಕೆ ಪರಾಗ ಒಯ್ಯುವುದು ಎಲೆ ಕತ್ತರಿಸುವ ಜೇನು, ಬಡಗಿ ದುಂಬಿ, ಹೆಜ್ಜೇನುಗಳಂಥ ಭಾರದ ಜೀವಗಳು. ಹೈದರಾಬಾದಿನ ಬಳಿ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಸ್ಥೆಯಲ್ಲಿ ರೂಪುಗೊಂಡ ಐಸಿಪಿಎಚ್ 2671 ಎಂಬ ಸಂಕರ ತೊಗರಿ 2010ರಲ್ಲಿ ಬಿಡುಗಡೆಯಾಯಿತು. ಅಂಥ ಸಂಕರ ಬೀಜ ಬೆಳೆಯುವ ಹೊಲದಲ್ಲಿ ಪರಾಗವಿಲ್ಲದ ಸಾಲುಗಳೂ ಪರಾಗವಿರುವ ಸಾಲುಗಳೂ ಅಕ್ಕಪಕ್ಕ ಇರುತ್ತವೆ. ಒಂದರಿಂದ ಇನ್ನೊಂದಕ್ಕೆ ಪರಾಗ ಸಾಗಿಸುವ ಕೂಲಿಗಳು ಈ ಕಾಡುಜೇನುಗಳೇ. ಹೊಲದ ಬದುವಿನಲ್ಲಿ ಒಂದು ಒಣ ಮರ ಇಲ್ಲದಿದ್ದರೆ ಆ ಕೂಲಿಗಳು ಎಲ್ಲಿಂದ ಬರಬೇಕು?

ದುಂಬಿಯೂ ಕೆಲವು ಸಲ ಕದಿಯುತ್ತದೆ, ಅದನ್ನು ಮುಚ್ಚಿಡಲಾರೆ. ಉದ್ದ ಕೊಳವೆಯ ಹೂವಿಗೆ ಬಾಯಿ ಎಟುಕದಿದ್ದರೆ ಬುಡದಲ್ಲೇ ಸೀಳಿ ಮಕರಂದ ಹೀರುತ್ತದೆ. ಹೂವಿಗೆ ಅದರಿಂದ ಲಾಭವಿಲ್ಲ.

ಇದರ ಒಬ್ಬ ಬಂಧುವಿನ ಕಥೆ ಹೇಳಲೇಬೇಕು. ಕ್ಸೈಲೊಕೋಪ ಟ್ರಾಂಕ್ವೆಬಾರಿಕ ಎಂಬ ಬಡಗಿ ದುಂಬಿ ಹಗಲಿನಲ್ಲಿ ಮಲಗಿ ರಾತ್ರಿ ದುಡಿಯುತ್ತದೆ. ತಮಿಳುನಾಡಿನ ತರಂಗಂಬಾಡಿ ಡೇನರ ಬಾಯಲ್ಲಿ ಟ್ರಾಂಕ್ವೆಬಾರ್ ಆಗಿತ್ತು; ಹೆಸರು ಆ ಊರಿನದು. ಪಶ್ಚಿಮ ಘಟ್ಟದ ಭೀಮಾಶಂಕರ ಕಾಡಿನಲ್ಲಿ ಹೇಮಾ ಸೋಮನಾಥನ್, ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೆನೆ ಬೋರ್ಜಸ್ ಮತ್ತು ಸ್ವೀಡನ್ನಿನ ಸಂಗಡಿಗರು ಇದನ್ನು ರಾತ್ರಿಯಿಡೀ ಕಾದು ನೋಡಿದರು. ಗೂಡಿನ ಬಾಗಿಲಿಗೆ ಬಣ್ಣದ ಗುರುತು ಹಚ್ಚಿ, ಆಮೇಲೆ ಅದನ್ನು ಬದಲಿಸಿ ಪರೀಕ್ಷಿಸಿದರು. ಚಂದ್ರನಿಲ್ಲದ ರಾತ್ರಿ, ಬರೀ ನಕ್ಷತ್ರದ ಬೆಳಕಿನಲ್ಲಿ ದುಂಬಿ ಬಣ್ಣವನ್ನು ಗುರುತಿಸಿ ಮನೆಗೆ ಬಂತು. 2008ರಲ್ಲಿ ಆ ವಿಷಯ ಪ್ರಕಟವಾಯಿತು. ಆ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಕೆಂಪು ಯಾವುದು, ನೀಲಿ ಯಾವುದು ತಿಳಿಯುವುದಿಲ್ಲ.

ಇಷ್ಟೆಲ್ಲ ಬಲ್ಲ ಜೀವಕ್ಕೆ ಈಗ ಎದುರಾಗಿರುವ ಕೊರತೆ ತೀರ ಸಾಧಾರಣವಾದದ್ದು. ಒಣ ಮರ ಸಿಗುತ್ತಿಲ್ಲ. ಕೊಟ್ಟಿಗೆಗೆ ಕಬ್ಬಿಣದ ಪೈಪು ಬಂತು, ಬೇಲಿಗೆ ಸಿಮೆಂಟ್ ಕಂಬ ಬಂತು, ಚಪ್ಪರದ ಜಾಗದಲ್ಲಿ ಪ್ಲಾಸ್ಟಿಕ್ ಪರದೆ ಬಂತು. ತೋಟದಲ್ಲಿ ಒಣಗಿದ ಕೊಂಬೆ ಕಂಡರೆ ಸೋಮಾರಿಯ ತೋಟ ಎನ್ನುತ್ತಾರೆಂದು ಕಡಿದು ಒಲೆಗೆ ಹಾಕುತ್ತೇವೆ. ಕಳೆದ ಬೇಸಿಗೆಯಲ್ಲಿ ನನ್ನ ಪರಿಚಯದವರ ಮನೆಯಲ್ಲಿ ಜಂತಿಯ ತೂತುಗಳಿಗೆ ಔಷಧಿ ಹೊಡೆಸಿದರು. ನಾನು ಹೋಗುವಷ್ಟರಲ್ಲಿ ಜಗುಲಿಯ ಮೇಲೆ ಏಳು ದುಂಬಿಗಳು ಬಿದ್ದಿದ್ದವು. ಅದರಲ್ಲಿ ಎರಡರ ರೆಕ್ಕೆಗೆ ಇನ್ನೂ ಒಂದು ಗೀರು ಬಿದ್ದಿರಲಿಲ್ಲ, ಹೊಸತು. ಹೊರಗಿನ ಬಿಸಿಲು ಕಂಡೇ ಇರಲಿಲ್ಲವೇನೋ.

ಮನೆಗೆ ಹಾನಿಯೇ ಇಲ್ಲ ಎನ್ನುವುದಿಲ್ಲ. ತೊಲೆ ದಪ್ಪವಿದ್ದರೆ ಚಿಂತೆಯಿಲ್ಲ. ತೆಳುವಾದ ರೀಪು, ಪಕಾಸಿನಲ್ಲಿ ತಾಯಿ, ಮಗಳು, ಮೊಮ್ಮಗಳು ವರ್ಷ ವರ್ಷ ಅದೇ ಸುರಂಗವನ್ನು ಬೆಳೆಸುತ್ತಾ ಹೋದರೆ ಮರ ಬಲ ಕಳೆದುಕೊಳ್ಳುತ್ತದೆ. ಅದಕ್ಕೆ ವಿಷ ಬೇಕಿಲ್ಲ. ಬಣ್ಣ ಬಳಿದ ಮರವನ್ನು ಅವಳು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಮರಿಗಳೆಲ್ಲ ಹಾರಿಹೋಗಿ ಗೂಡು ಖಾಲಿಯಾದದ್ದು ಖಾತ್ರಿಯಾದ ಮೇಲೆ ತೂತಿಗೆ ಮರದ ಬೆಣೆ ಹೊಡೆದು ಬಣ್ಣ ಬಳಿಯಿರಿ. ಅದಕ್ಕೂ ಮುಂಚೆ ಅವಳಿಗೆ ಬೇರೆ ಜಾಗ ತೋರಿಸಿ.

ಜಾಗ ತೋರಿಸುವುದೆಂದರೆ ದೊಡ್ಡ ಕೆಲಸವಲ್ಲ. ಹೆಬ್ಬೆರಳು ಹೋಗುವಷ್ಟು ಒಳಬಾಯಿಯ ಒಣ ಬಿದಿರನ್ನು ಮೊಳದುದ್ದಕ್ಕೆ ಕೊಯ್ಯಿರಿ. ಒಂದು ತುದಿಯಲ್ಲಿ ಗೆಣ್ಣು ಉಳಿಯಲಿ, ಇನ್ನೊಂದು ತುದಿ ತೆರೆದಿರಲಿ. ನಾಲ್ಕೈದು ತುಂಡು ಸೇರಿಸಿ ಹಗ್ಗದಿಂದ ಬಿಗಿದು, ಮಳೆ ನೀರು ಬೀಳದ ಸೂರಿನಡಿ, ಅಲುಗದ ಹಾಗೆ ಮಟ್ಟಸವಾಗಿ ಕಟ್ಟಿ. ತೋಟದ ಮೂಲೆಯಲ್ಲಿ ಒಂದು ಒಣ ಮರವನ್ನು, ಯಾರ ತಲೆಯ ಮೇಲೂ ಬೀಳದಂತಿದ್ದರೆ, ಹಾಗೇ ನಿಲ್ಲಲು ಬಿಡಿ. ಮಳೆ ಹೊಳವಾದ ಮೇಲೆ ಒಂದು ಬೆಳಿಗ್ಗೆ ಆ ಬಿದಿರಿನ ಕೆಳಗೆ ನೆಲ ನೋಡಿ. ಹಳದಿ ಹಿಟ್ಟು ಬಿದ್ದಿದ್ದರೆ ಮನೆಯ ಮಕ್ಕಳನ್ನು ಕರೆದು ತೋರಿಸಿ, ಅದನ್ನು ಗುಡಿಸುವ ಮುಂಚೆ.